ಮೊದಲು ಊರು, ಆಮೇಲೆ ವಿಷಯ

ಮೇ ತಿಂಗಳಲ್ಲಿ ಅಣ್ಣನ ಮಗಳು ವಿಜಯಪುರದಿಂದ ಪುಣೆಯ ನಮ್ಮ ಮನೆಗೆ ಬಂದಿದ್ದಳು. ಪಿಯುಸಿ ಸೈನ್ಸ್ ಮುಗಿದಿದೆ, ಅಂಕ ಚೆನ್ನಾಗಿ ಬಂದಿವೆ. ಅದೇ ತೊಂದರೆ. ಕಡಿಮೆ ಬಂದಿದ್ದರೆ ದಾರಿ ತಾನಾಗಿಯೇ ನಿಶ್ಚಯವಾಗುತ್ತಿತ್ತು. ಅಣ್ಣ ಫೋನಿನಲ್ಲಿ ದಿನಾ ಹೇಳುವುದು ಒಂದೇ ಮಾತು: "ಸಬ್ಜೆಕ್ಟ್ ಯಾವ್ದಂತ ಮೊದಲ ಫೈನಲ್ ಮಾಡ್ರಿ, ಕಾಲೇಜು ಆಮ್ಯಾಲೆ ನೋಡೂಣು." ಮೂರನೆಯ ದಿನ ಚಹಾ ಕುಡಿಯುತ್ತ ಅವಳು ಕೇಳಿದಳು: "ಅತ್ತಿ, ಏನ್ ಓದಬೇಕಂತ ಗೊತ್ತಿಲ್ಲದವ್ರು ಯಾವ ಕಾಲೇಜಿಗೆ ಹೋಗ್ತಾರ?"

ನನ್ನ ಬಳಿ ಉತ್ತರವಿರಲಿಲ್ಲ. ಆದರೆ ಅವಳ ಊರ ಕಡೆಯ ಹುಡುಗರು ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಇದೇ ಪುಣೆಗೆ ಓದಲು ಬರುತ್ತಿದ್ದ ಕಥೆ ಸ್ವಲ್ಪ ಗೊತ್ತಿತ್ತು. ಅದನ್ನೇ ಹೇಳಿದೆ.

ಧಾರವಾಡದಲ್ಲಿ ಕರ್ನಾಟಕ ಕಾಲೇಜು ಶುರುವಾದದ್ದು 1917ರಲ್ಲಿ. ಅದಕ್ಕೂ ಮೊದಲು ಮುಂಬೈ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಮೆಟ್ರಿಕ್ ಪಾಸಾದವನಿಗೆ ಪದವಿ ಬೇಕೆಂದರೆ ಊರು ಬಿಡಬೇಕಿತ್ತು. ಮುಂಬೈ, ಕೊಲ್ಹಾಪುರದ ರಾಜಾರಾಮ್ ಕಾಲೇಜು, ಇಲ್ಲವೇ ಪುಣೆ. ಯಾವ ಊರಿನಲ್ಲಿ ನೆಂಟರಿದ್ದಾರೆ, ಊಟಕ್ಕೆ ಏನು ವ್ಯವಸ್ಥೆ, ವಿದ್ಯಾರ್ಥಿವೇತನ ಸಿಗುತ್ತದೆಯೇ ಎಂಬುದೇ ದೊಡ್ಡ ಲೆಕ್ಕ. 1913ರಲ್ಲಿ ಮೆಟ್ರಿಕ್ ಮುಗಿಸಿದ ಬೇಂದ್ರೆ ಪುಣೆಗೆ ಬಂದದ್ದು ಕಾಕಾನ ಆಸರೆ ನಂಬಿ. 1918ರಲ್ಲಿ ಫರ್ಗ್ಯುಸನ್ ಕಾಲೇಜಿನಿಂದ ಬಿ.ಎ. ಆದರು.

ಬಾಗಿಲಲ್ಲೇ ನಿಲ್ಲಿಸಿ 'ಯಾವ ವಿಷಯ?' ಎಂದು ಆಗ ಯಾರೂ ಕೇಳುತ್ತಿರಲಿಲ್ಲ. ಮುಂಬೈ ವಿಶ್ವವಿದ್ಯಾಲಯದ ಕಲಾ ಪದವಿಯ ಮೊದಲ ಮೆಟ್ಟಿಲು ಪ್ರೀವಿಯಸ್ ಪರೀಕ್ಷೆ. ಇಂಗ್ಲಿಷ್, ಸಂಸ್ಕೃತದಂಥ ಒಂದು ಪ್ರಾಚೀನ ಭಾಷೆ, ಗಣಿತ ಇವನ್ನು ಎಲ್ಲರೂ ಓದಬೇಕು. ಆಮೇಲೆ ಇಂಟರ್ಮೀಡಿಯೇಟ್. ಐಚ್ಛಿಕ ವಿಷಯ ಆರಿಸುವುದು ಅದನ್ನೂ ದಾಟಿ ಬಿ.ಎ.ಗೆ ಬಂದ ಮೇಲೆ. ಗಣಿತ ಬಿ.ಎ.ಯ ವಿಷಯವಾಗಿತ್ತು ಎಂದರೆ ನನ್ನ ಸೊಸೆ ನಂಬಲೇ ಇಲ್ಲ. ಟಿಳಕರು 1877ರಲ್ಲಿ ಡೆಕ್ಕನ್ ಕಾಲೇಜಿನಿಂದ ಗಣಿತದಲ್ಲೇ ಬಿ.ಎ. ಮಾಡಿ, 1879ರಲ್ಲಿ ಕಾನೂನು ಪದವಿ ಪಡೆದು, ಕಡೆಗೆ ಪತ್ರಿಕೆ ನಡೆಸಿದವರು.

ನನಗೆ ಇಲ್ಲಿ ಮುಖ್ಯವಾಗಿ ಕಾಣುವವರು ರಾಮಚಂದ್ರ ದತ್ತಾತ್ರೇಯ ರಾನಡೆ, ವಿಜಯಪುರದ ಕಡೆ ಎಲ್ಲರೂ ಗುರುದೇವ ರಾನಡೆ ಎನ್ನುವವರು. 1886ರಲ್ಲಿ ಜಮಖಂಡಿಯಲ್ಲಿ ಹುಟ್ಟಿದರು. 1901ರಲ್ಲಿ, ಇನ್ನೂ ಶಾಲೆಯಲ್ಲಿದ್ದಾಗಲೇ, ಉಮದಿಯ ಭಾವುಸಾಹೇಬ ಮಹಾರಾಜರಿಂದ ದೀಕ್ಷೆ ಪಡೆದರು. ಮರುವರ್ಷ ಮೆಟ್ರಿಕ್ ಮುಗಿಸಿ ಡೆಕ್ಕನ್ ಕಾಲೇಜು ಸೇರಿದರು. ದೀಕ್ಷೆಯಾದ ಹುಡುಗ ನೇರ ತತ್ವಶಾಸ್ತ್ರಕ್ಕೆ ಹೋಗಿರಬೇಕು ಎಂದು ನಾವು ಊಹಿಸುತ್ತೇವೆ. ಇಲ್ಲ. 1907ರಲ್ಲಿ ಅವರು ಬಿ.ಎ. ಮಾಡಿದ್ದು ಗಣಿತದಲ್ಲಿ. ಆಮೇಲೆ ತೀವ್ರ ಕಾಯಿಲೆ ಬಿದ್ದರು. ತತ್ವಶಾಸ್ತ್ರದ ಎಂ.ಎ. ಕೈಗೆ ಬಂದದ್ದು 1914ರಲ್ಲಿ. ಏಳು ವರ್ಷ! ಇಂದಿನ ಭಾಷೆಯಲ್ಲಿ ಇದು 'ಗ್ಯಾಪ್'. ಸಂದರ್ಶನದಲ್ಲಿ ವಿವರಣೆ ಕೊಡಬೇಕು. ಮುಂದೆ ಫರ್ಗ್ಯುಸನ್‌ನಲ್ಲಿ ತತ್ವಶಾಸ್ತ್ರ ಕಲಿಸಿದರು, 1926ರಲ್ಲಿ ಉಪನಿಷತ್ತುಗಳ ಮೇಲೆ ದೊಡ್ಡ ಇಂಗ್ಲಿಷ್ ಗ್ರಂಥ ಪ್ರಕಟಿಸಿದರು, ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿ ಕುಲಪತಿಯೂ ಆದರು. 1957ರಲ್ಲಿ ತೀರಿಕೊಂಡದ್ದು ನಿಂಬಾಳದಲ್ಲಿ. ಸೊಸೆ ಸೊಲ್ಲಾಪುರದ ರೈಲಿನಲ್ಲಿ ಬರುವಾಗ ದಾಟಿ ಬಂದ ಸ್ಟೇಷನ್ ಅದು.

ರಾನಡೆಯವರ ಮನಸ್ಸಿನಲ್ಲಿ ಗೊಂದಲವಿತ್ತು ಎಂದು ನಾನು ಹೇಳುತ್ತಿಲ್ಲ. ಗೊಂದಲ ಇದ್ದಿದ್ದರೂ ಅದು ಅವರನ್ನು ಮುಳುಗಿಸುತ್ತಿರಲಿಲ್ಲ ಎನ್ನುವುದಷ್ಟೇ ನನ್ನ ಮಾತು. ಒಂದು ಪದವಿಯ ವಿಷಯ ಮುಂದಿನ ಪದವಿಯ ಬಾಗಿಲು ಮುಚ್ಚುತ್ತಿರಲಿಲ್ಲ.

ಆ ಕಾಲವನ್ನು ಹೊಗಳಿ ಕೂರುವ ಆಸೆಯೂ ನನಗಿಲ್ಲ. ಆ ಕಾಲೇಜುಗಳಿಗೆ ಬಂದವರಲ್ಲಿ ಹೆಚ್ಚಿನವರು ಓದುಬರಹ ಮೊದಲೇ ಇದ್ದ ಮನೆಗಳ ಗಂಡುಮಕ್ಕಳು. 1902ರಲ್ಲಿ ನನ್ನ ಸೊಸೆಗಾಗಲಿ ನನಗಾಗಲಿ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಈಗ ಪ್ರಶ್ನೆ ನಮ್ಮ ಪಾಲಿಗೂ ಬಂದಿದೆ, ಆದರೆ ಅದನ್ನು ಹದಿನಾರಕ್ಕೇ ಕೇಳುತ್ತಾರೆ: ಸೈನ್ಸಾ, ಕಾಮರ್ಸಾ, ಆರ್ಟ್ಸಾ. ನಾನು ಸೈನ್ಸ್ ಎಂದೆ. ಕೆಮಿಸ್ಟ್ರಿ ಪದವಿಯ ಎರಡನೆಯ ವರ್ಷ ಭಾಷೆಯ ಕಡೆ ಹೋಗುತ್ತೇನೆಂದಾಗ ಕಾಲೇಜಿನ ಗುಮಾಸ್ತರು ತಲೆ ಎತ್ತದೆ, "ಹಂಗಾದ್ರ ಮತ್ತ ಫಸ್ಟ್ ಇಯರ್‌ನಿಂದ ಬಾ" ಎಂದರು. ಅಪ್ಪನಿಗೆ ಇನ್ನೊಂದು ವರ್ಷದ ಫೀಸು ಕೇಳುವ ಧೈರ್ಯ ಬರಲಿಲ್ಲ. ಕೆಮಿಸ್ಟ್ರಿ ಮುಗಿಸಿಯೇ ಬಿಟ್ಟೆ. ಭಾಷಾವಿಜ್ಞಾನದ ಎಂ.ಎ. ಓದಿದ್ದು ಆಮೇಲೆ, ಡೆಕ್ಕನ್ ಕಾಲೇಜಿನಲ್ಲೇ. 1934ರಲ್ಲಿ ಮುಚ್ಚಿದ್ದ ಅದು 1939ರಲ್ಲಿ ಸಂಶೋಧನಾ ಸಂಸ್ಥೆಯಾಗಿ ಮತ್ತೆ ತೆರೆಯಿತು. ಯರವಡಾದ ಆ ಹಳೆಯ ಕಲ್ಲಿನ ಕಟ್ಟಡದ ಮುಂದೆ ಹಾದುಹೋಗುವಾಗ ಗಣಿತ ಓದಿದ ಜಮಖಂಡಿಯ ಹುಡುಗ ಎಷ್ಟೋ ಸಲ ನೆನಪಾದದ್ದುಂಟು.

ಮರುದಿನ ಸೊಸೆಯನ್ನು ಕಾಲೇಜು ತೋರಿಸಲು ಕರೆದುಕೊಂಡು ಹೋದೆ. ಟಿಳಕ ರಸ್ತೆಯ ಎಸ್‌.ಪಿ. ಕಾಲೇಜಿನ ಪೂರ್ತಿ ಹೆಸರು ಸರ್ ಪರಶುರಾಮಭಾವು ಕಾಲೇಜು ಎಂದು ಅವಳಿಗೆ ಅಲ್ಲೇ ಗೊತ್ತಾಯಿತು. 1916ರಲ್ಲಿ ನ್ಯೂ ಪೂನಾ ಕಾಲೇಜ್ ಎಂದು ಶುರುವಾಗಿ, ಜಮಖಂಡಿ ಸಂಸ್ಥಾನದ ದೇಣಿಗೆಯ ನಂತರ ಅಲ್ಲಿನ ರಾಜರ ಹೆಸರು ಹೊತ್ತದ್ದು. "ನಮ್ಮ ಕಡೆಯವ್ರ ರೊಕ್ಕ!" ಎಂದು ನಕ್ಕಳು.

ಈಗ ನಿಯಮಗಳೂ ನಿಂತಲ್ಲಿ ನಿಲ್ಲುತ್ತಿಲ್ಲ. ಕರ್ನಾಟಕ 2021ರಲ್ಲಿ ನಾಲ್ಕು ವರ್ಷದ ಪದವಿ ತಂದು 2024ರಲ್ಲಿ ಮೂರು ವರ್ಷಕ್ಕೆ ಮರಳಿತು. ಹಾಗಾಗಿ 'ಯಾವ ಕಾಲೇಜು ಒಳ್ಳೆಯದು' ಎಂದು ಕೇಳುವುದನ್ನು ಬಿಟ್ಟು, ನಾವಿಬ್ಬರೂ ಕೂತು ಅವಳ ನೋಟುಬುಕ್ಕಿನಲ್ಲಿ ಬೇರೆ ಪ್ರಶ್ನೆ ಬರೆದೆವು. ಮುಖ್ಯ ವಿಷಯವನ್ನು ಯಾವ ಸೆಮಿಸ್ಟರಿನೊಳಗೆ ಹೇಳಬೇಕು? ಬದಲಿಸಿದರೆ ಓದಿ ಮುಗಿಸಿದ ಕ್ರೆಡಿಟ್ ಉಳಿಯುತ್ತವೆಯೇ? ಸೈನ್ಸಿನವರು ಇತಿಹಾಸದ ತರಗತಿಗೆ ಕೂರಬಹುದೇ, ಅಥವಾ ಅದು ಕಾಗದದ ಮೇಲೆ ಮಾತ್ರವೇ? ಕಡೆಯದನ್ನು ಆಫೀಸಿನಲ್ಲಿ ಕೇಳಬೇಡ, ಎರಡನೆಯ ವರ್ಷದ ಹುಡುಗಿಯರನ್ನು ಕ್ಯಾಂಟೀನಿನಲ್ಲಿ ಹಿಡಿದು ಕೇಳು ಎಂದೆ.

ಅಣ್ಣನಿಗೆ ಫೋನು ಮಾಡಿ ಇಷ್ಟನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಹಾಸ್ಟೆಲ್ ಊಟ ಹ್ಯಾಂಗಂತ, ಅದನ್ನೂ ಕೇಳ್ರಿ" ಎಂದ.