ಎರಡಾಣೆಯ ಅರ್ಧ ಪೈಸೆ

1957ರ ಏಪ್ರಿಲ್ 1ರಂದು ಹದಿನಾರಾಣೆಯ ರೂಪಾಯಿ ನೂರು ನಯಾಪೈಸೆಯಾಯಿತು. ಎರಡಾಣೆಗೆ ಲೆಕ್ಕದಲ್ಲಿ ಹನ್ನೆರಡೂವರೆ ಪೈಸೆ. ಅರ್ಧ ಪೈಸೆಯ ನಾಣ್ಯವೇ ಇರಲಿಲ್ಲ. 1955ರ ನಾಣ್ಯ ತಿದ್ದುಪಡಿ ಕಾಯ್ದೆ ಮೊದಲೇ ಹೇಳಿಬಿಟ್ಟಿತ್ತು: ಹತ್ತಿರದ ಪೈಸೆಗೆ ಹೊಂದಿಸಿ, ಸರಿಯಾಗಿ ನಡುವೆ ಬಂದರೆ ಕೆಳಕ್ಕಿಳಿಸಿ. ಹಾಗಾಗಿ ಎರಡಾಣೆಗೆ 12, ಆರಾಣೆಗೆ 37. ಇಬ್ಬರು ಬೇರೆಬೇರೆಯಾಗಿ ಎರಡೆರಡಾಣೆ ಕೊಟ್ಟರೆ ಅಂಗಡಿಯವನಿಗೆ 24 ಪೈಸೆ. ಒಟ್ಟಿಗೆ ನಾಲ್ಕಾಣೆ ಕೊಟ್ಟರೆ 25.

ನೆರೂಳಿನ ಮನೆಯಲ್ಲಿ ಡೇಟಾಬೇಸ್ ಕೈಪಿಡಿಯೊಂದನ್ನು ಅನುವಾದಿಸುವಾಗ ಇದು ನೆನಪಾಯಿತು. ಪೋಸ್ಟ್‌ಗ್ರೆಸ್‌ನಲ್ಲಿ 12.5 ನ್ಯೂಮರಿಕ್ ಆಗಿದ್ದರೆ ರೌಂಡ್ ಮಾಡಿದಾಗ 13. ಡಬಲ್ ಪ್ರಿಸಿಷನ್ ಆಗಿದ್ದರೆ ಸಾಮಾನ್ಯವಾಗಿ ಹತ್ತಿರದ ಸಮಸಂಖ್ಯೆ, 12. ಎರಡನೆಯದು ಕಾಯ್ದೆಗೆ ಒಪ್ಪಿತೆಂದು ಹಿಗ್ಗಬೇಡಿ: 37.5ಕ್ಕೆ ಎರಡೂ 38 ಎನ್ನುತ್ತವೆ. ನಾನೋ ಎಲ್ಲ ಕಡೆ ‘ದುಂಡಾಗಿಸು’ ಎಂದಷ್ಟೇ ಬರೆದು ಮುಂದೆ ಹೋಗಿದ್ದೆ. ಹಿಂದಿರುಗಿ, ಮೇಲಕ್ಕೋ ಕೆಳಕ್ಕೋ ಸಮಸಂಖ್ಯೆಗೋ ಎಂದು ಪ್ರತಿ ಸಾಲಿನಲ್ಲೂ ಸೇರಿಸಬೇಕಾಯಿತು.