ಪಿರಮಿಡ್ ಕಟ್ಟಿದವರು ಯಾರು? ಅದು ಇನ್ನೂ ಯಾಕೆ ಬಿದ್ದಿಲ್ಲ?

ಪಿರಮಿಡ್ ಕಟ್ಟಿದ್ದು ಬೇರೆ ಗ್ರಹದಿಂದ ಬಂದವರು ಎಂದು ಹೇಳುವ ವಿಡಿಯೋ ನಿಮ್ಮ ಮೊಬೈಲಿಗೂ ಬಂದಿರಬಹುದು. ಕೇಳಲು ಮಜವಾಗಿರುತ್ತದೆ. ಆದರೆ ಅದನ್ನು ನಂಬಿದರೆ ಕಲ್ಲು ಎಳೆದು ಬೆನ್ನು ಸವೆಸಿಕೊಂಡ ಸಾವಿರಾರು ಜನರನ್ನು ಚರಿತ್ರೆಯಿಂದಲೇ ಅಳಿಸಿದಂತೆ. ಅವರು ಯಾರು ಎನ್ನುವುದಕ್ಕೆ ಈಗ ಗಟ್ಟಿ ಸಾಕ್ಷಿ ಇದೆ.

ಈಜಿಪ್ಟಿನ ಗೀಜಾದಲ್ಲಿರುವ ದೊಡ್ಡ ಪಿರಮಿಡ್ ಖುಫು ಎಂಬ ರಾಜನ ಸಮಾಧಿ. ಕಟ್ಟಿ ಸುಮಾರು 4,500 ವರ್ಷವಾಯಿತು. ತಳದ ಒಂದೊಂದು ಬದಿ ಸುಮಾರು 230 ಮೀಟರ್ ಉದ್ದ. ಆಗಿನ ಎತ್ತರ 146 ಮೀಟರ್. ಅಂದಾಜು 23 ಲಕ್ಷ ಕಲ್ಲುಗಳಿವೆ, ಒಂದೊಂದರ ತೂಕ ಸರಾಸರಿ ಎರಡೂವರೆ ಟನ್.

ಬಹುಪಾಲು ಸುಣ್ಣದ ಕಲ್ಲನ್ನು ಪಕ್ಕದಲ್ಲೇ ಕಡಿದರು. ಹೊರಮೈಗೆ ಬೇಕಾದ ನುಣುಪು ಬಿಳಿ ಕಲ್ಲು ನೈಲ್ ನದಿಯ ಆಚೆ ದಡದ ತುರಾದಿಂದ ಬಂತು. ಒಳಗಿನ ಕೋಣೆಯ ಗ್ರಾನೈಟ್ ಬಂದದ್ದು ಸುಮಾರು 800 ಕಿ.ಮೀ. ದೂರದ ಅಸ್ವಾನ್‌ನಿಂದ, ದೋಣಿಯಲ್ಲಿ. ಅವರ ಬಳಿ ಇದ್ದದ್ದು ತಾಮ್ರದ ಉಳಿ, ಕಲ್ಲಿನ ಸುತ್ತಿಗೆ, ಹಗ್ಗ, ಮರದ ಜಾರುಬಂಡಿ ಮತ್ತು ಇಳಿಜಾರು ದಾರಿ. ಮರಳಿನ ಮೇಲೆ ಹದವಾಗಿ ನೀರು ಹಾಕಿದರೆ ಎಳೆಯುವ ಶ್ರಮ ಅರ್ಧದಷ್ಟು ಕಡಿಮೆಯಾಗುತ್ತದೆ ಎಂದು 2014ರ ಒಂದು ಪ್ರಯೋಗ ತೋರಿಸಿತು. ಬಂಡಿಯ ಮುಂದೆ ನೀರು ಸುರಿಯುವ ಆಳಿನ ಚಿತ್ರ ಈಜಿಪ್ಟಿನ ಹಳೆಯ ಸಮಾಧಿಯೊಂದರಲ್ಲೇ ಇತ್ತು.

2013ರಲ್ಲಿ ಕೆಂಪು ಸಮುದ್ರದ ದಡದಲ್ಲಿ ಪಪೈರಸ್ ಹಾಳೆಗಳು ಸಿಕ್ಕವು. ಮೆರೆರ್ ಎಂಬ ಮೇಸ್ತ್ರಿ ಖುಫುವಿನ ಕಾಲದಲ್ಲೇ ಬರೆದ ದಿನಚರಿ ಅದು. ತನ್ನ ತಂಡದ ಆಳುಗಳು ತುರಾದಿಂದ ಗೀಜಾಕ್ಕೆ ದೋಣಿಯಲ್ಲಿ ಕಲ್ಲು ಸಾಗಿಸಿದ್ದನ್ನು ಅವನು ದಿನದಿನದ ಲೆಕ್ಕದಂತೆ ಬರೆದಿಟ್ಟಿದ್ದಾನೆ.

1990ರಲ್ಲಿ ಗೀಜಾದ ಹತ್ತಿರ ಒಂದು ಕುದುರೆ ಎಡವಿತು. ಎಡವಿದ್ದು ಹಳೆಯ ಗೋಡೆಗೆ. ಅಗೆದಾಗ ಕೆಲಸಗಾರರ ಸಮಾಧಿಗಳು ಸಿಕ್ಕವು. ಸಮೀಪದಲ್ಲೇ ಅವರು ವಾಸವಿದ್ದ ಊರು, ರೊಟ್ಟಿ ಬೇಯಿಸುತ್ತಿದ್ದ ಜಾಗ, ತಿಂದು ಬಿಸಾಡಿದ ದನ, ಕುರಿ, ಮೇಕೆಗಳ ಮೂಳೆಗಳೂ ಸಿಕ್ಕಿವೆ. ಆಳುಗಳ ಬೆನ್ನುಮೂಳೆ ಸವೆದಿತ್ತು. ಮುರಿದ ಕೈಕಾಲಿನ ಮೂಳೆಗಳು ಕೂಡಿಕೊಂಡಿದ್ದವು. ಅಂದರೆ ಯಾರೋ ಆರೈಕೆ ಮಾಡಿದ್ದರು. ರಾಜನ ಸಮಾಧಿಯ ಪಕ್ಕದಲ್ಲೇ ಗುಲಾಮರಿಗೆ ಯಾರೂ ಇಂಥ ಗೋರಿ ಕಟ್ಟಿಸುವುದಿಲ್ಲ. ಹಾಗಂತ ಅದು ಸುಖದ ಕೆಲಸವೂ ಆಗಿರಲಿಲ್ಲ ಎಂದು ಆ ಬೆನ್ನುಮೂಳೆಗಳೇ ಹೇಳುತ್ತವೆ.

ಇನ್ನು ಬಾಳಿಕೆಯ ವಿಷಯ. ಕಣದಲ್ಲಿ ಸುರಿದ ಕಾಳಿನ ರಾಶಿ ನೋಡಿ. ಬುಡ ಅಗಲ, ತುದಿ ಚೂಪು. ಅದು ತಾನಾಗಿ ಬೀಳುವುದಿಲ್ಲ. ಪಿರಮಿಡ್ ಆಕಾರವೂ ಅದೇ. ಜೊತೆಗೆ ಗಟ್ಟಿ ಬಂಡೆಯ ತಳಪಾಯ, ಮಳೆ ಅಪರೂಪವಾದ ಒಣ ಹವೆ. ಆದರೂ ಈ ಜಾಣ್ಮೆ ಒಂದೇ ಸಲಕ್ಕೆ ಬರಲಿಲ್ಲ. ಖುಫುವಿನ ತಂದೆ ಸ್ನೆಫೆರು ದಹಶೂರಿನಲ್ಲಿ ಕಟ್ಟಿಸಿದ ಪಿರಮಿಡ್ ತೀರಾ ಕಡಿದಾಗಿತ್ತು. ಅರ್ಧ ಕಟ್ಟಿದ ಮೇಲೆ ಇಳಿಜಾರನ್ನು 54 ಡಿಗ್ರಿಯಿಂದ 43ಕ್ಕೆ ಇಳಿಸಬೇಕಾಯಿತು. ಆ ಬಾಗು ಇಂದಿಗೂ ಕಾಣುತ್ತದೆ. ತಪ್ಪಿನಿಂದ ಕಲಿತದ್ದೇ ಮುಂದೆ ಗೀಜಾದಲ್ಲಿ ನಿಂತಿತು.

ಗಾಳಿ, ಬಿಸಿಲಿಗಿಂತ ಹೆಚ್ಚು ಹಾಳು ಮಾಡಿದ್ದು ಮನುಷ್ಯರೇ. 1303ರ ಭೂಕಂಪದಲ್ಲಿ ಸಡಿಲವಾದ ಬಿಳಿ ಹೊದಿಕೆ ಕಲ್ಲುಗಳನ್ನು ಕೈರೋದ ಕಟ್ಟಡಗಳಿಗೆ ಸಾಗಿಸಿದರು. ಅದಕ್ಕೂ ಮೊದಲು, 1196ರಲ್ಲಿ, ಒಬ್ಬ ಸುಲ್ತಾನ ಮೆನ್ಕೌರೆಯ ಪಿರಮಿಡ್ ಕೆಡವಲು ಹೊರಟ. ಎಂಟು ತಿಂಗಳು ಒದ್ದಾಡಿ ಒಂದು ಗಾಯವಷ್ಟೇ ಮಾಡಿ ಕೈಬಿಟ್ಟ.

ಮುಂದಿನ ಸಲ ಅನ್ಯಗ್ರಹದವರ ವಿಡಿಯೋ ಬಂದರೆ, ಕಳಿಸಿದವರಿಗೆ ಮೆರೆರ್‌ನ ದೋಣಿಯ ಕಥೆ ಹೇಳಿ.