ತೇಪೆಯಿಂದ ಎದ್ದು ನಿಂತ ಸರ್ವರ್

ಅಂತರ್ಜಾಲದಲ್ಲಿ ಯಾರಾದರೂ ಒಂದು ಪುಟವನ್ನು ಕೇಳಿದರೆ, ಅದನ್ನು ಹುಡುಕಿ ಕಳುಹಿಸಿಕೊಡುವ ತಂತ್ರಾಂಶಕ್ಕೆ ವೆಬ್ ಸರ್ವರ್ ಎಂದು ಹೆಸರು. ಆರಂಭದ ದಿನಗಳಲ್ಲಿ ಹೆಚ್ಚು ಬಳಕೆಯಾದ ಸರ್ವರ್‌ಗಳಲ್ಲಿ ಒಂದನ್ನು 1993ರಲ್ಲಿ ರಾಬ್ ಮೆಕೂಲ್ ಬರೆದರು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಎನ್‌ಸಿಎಸ್‌ಎ ಕೇಂದ್ರದಲ್ಲಿ ಅವರು ಕೆಲಸದಲ್ಲಿದ್ದರು. 1994ರ ನಡುವೆ ಅವರು ಕೇಂದ್ರವನ್ನು ಬಿಟ್ಟಾಗ, ತಂತ್ರಾಂಶ ಹೆಚ್ಚುಕಡಿಮೆ ಅನಾಥವಾಯಿತು. ದೋಷ ಕಂಡರೆ ದೂರು ಹೇಳಿಕೊಳ್ಳಲು ಯಾರೂ ಇಲ್ಲ!

ಆದರೆ ತಂತ್ರಾಂಶದ ಮೂಲ ಸಂಕೇತ, ಅಂದರೆ ಅದನ್ನು ಬರೆದ ಸಾಲುಗಳು, ಎಲ್ಲರ ಕೈಯಲ್ಲೂ ಇದ್ದವು. ಬಳಸುವವರು ತಮ್ಮ ತಮ್ಮ ಪ್ರತಿಗಳಿಗೆ ತಾವೇ ತೇಪೆ ಹಾಕಿಕೊಳ್ಳತೊಡಗಿದರು. 1995ರ ಫೆಬ್ರುವರಿಯಲ್ಲಿ ಬ್ರಯಾನ್ ಬೆಹ್ಲೆಂಡಾರ್ಫ್ ಮೊದಲಾದ ಎಂಟು ಮಂದಿ ಈ ಚದುರಿದ ತೇಪೆಗಳನ್ನು ಒಂದೆಡೆ ಕೂಡಿಸಲು ಕೈಹಾಕಿದರು. ಹಾಗೆ ಹುಟ್ಟಿದ್ದು ಅಪಾಚೆ. ‘ಎ ಪ್ಯಾಚಿ’, ಅಂದರೆ ತೇಪೆಯ ಸರ್ವರ್, ಎಂಬುದೇ ಹೆಸರಿನ ಮೂಲವೆಂಬ ಮಾತು ಜನಪ್ರಿಯ. ಬೆಹ್ಲೆಂಡಾರ್ಫ್ ಮಾತ್ರ ಅಪಾಚೆ ಬುಡಕಟ್ಟಿನ ಮೇಲಿನ ಗೌರವದಿಂದ ಇಟ್ಟ ಹೆಸರೆಂದು ಹೇಳಿದ್ದಾರೆ. ಸ್ವಾರಸ್ಯವಿರುವುದು ಮೊದಲ ಕಥೆಯಲ್ಲೇ. 1996ರ ಏಪ್ರಿಲ್ ಹೊತ್ತಿಗೆ, ನೆಟ್‌ಕ್ರಾಫ್ಟ್ ಸಮೀಕ್ಷೆಯಲ್ಲಿ ಅಪಾಚೆ ಮೊದಲ ಸ್ಥಾನಕ್ಕೇರಿತ್ತು.

ಎದುರಾಳಿಯಾಗಿ ನಿಂತದ್ದು ಮೈಕ್ರೋಸಾಫ್ಟ್‌ನ ಐಐಎಸ್. ಇವೆರಡರ ಅಂತರವನ್ನು ಬೆಲೆಯಿಂದ ಅಳೆಯುವುದು ಸರಿಯಲ್ಲ. ವಿಂಡೋಸ್ ಎನ್‌ಟಿ ಕೊಂಡವರಿಗೆ ಐಐಎಸ್ ಕೂಡ ಬೇರೆ ಹಣವಿಲ್ಲದೆ ಸಿಗುತ್ತಿತ್ತು. ವ್ಯತ್ಯಾಸವಿದ್ದದ್ದು ರಿಪೇರಿಯ ಹಕ್ಕಿನಲ್ಲಿ. ಐಐಎಸ್‌ನ ಮೂಲ ಸಂಕೇತ ಕಂಪನಿಯ ಪೆಟ್ಟಿಗೆಯೊಳಗೆ ಭದ್ರ. ದೋಷ ಕಂಡರೂ ಕಂಪನಿ ತೇಪೆ ಕಳುಹಿಸುವವರೆಗೆ ಕಾಯಬೇಕು.

2001ರ ಜುಲೈ 19ರಂದು ‘ಕೋಡ್ ರೆಡ್’ ಎಂಬ ಹುಳು ಐಐಎಸ್‌ನ ಒಂದು ದೋಷದೊಳಗೆ ನುಗ್ಗಿ, 14 ಗಂಟೆಗಳೊಳಗೆ ಸುಮಾರು 3,59,000 ಗಣಕಗಳನ್ನು ಹಿಡಿಯಿತು. ಮುಚ್ಚಿದ ತಂತ್ರಾಂಶದ ಪಾಡು ಇಷ್ಟೇ ಎಂದು ಹಲವರು ಆಡಿಕೊಂಡರು. ಅದು ಅರ್ಧ ಸತ್ಯ. ಆ ದೋಷದ ತೇಪೆಯನ್ನು ಮೈಕ್ರೋಸಾಫ್ಟ್ ಒಂದು ತಿಂಗಳ ಮುಂಚೆಯೇ, ಜೂನ್ 18ರಂದು, ಹೊರತಂದಿತ್ತು. ಅಷ್ಟೊಂದು ಮಂದಿ ಅದನ್ನು ಹಾಕಿಕೊಂಡಿರಲಿಲ್ಲ.

ಮರುವರ್ಷವೇ ಅಪಾಚೆಯ ಸರದಿಯೂ ಬಂತು. ಅದರ ಜೊತೆಗೆ ಬಳಸುವ ಓಪನ್‌ಎಸ್‌ಎಸ್‌ಎಲ್ ಎಂಬ ತಂತ್ರಾಂಶದಲ್ಲಿ ರಂಧ್ರವಿತ್ತು. ಅದೂ ಮುಕ್ತ ತಂತ್ರಾಂಶವೇ. ಸಾಲುಗಳನ್ನು ಯಾರು ಬೇಕಾದರೂ ಓದಬಹುದಿತ್ತು. ತೇಪೆ ಜುಲೈ ಕೊನೆಯಲ್ಲೇ ಸಿದ್ಧವಾಗಿತ್ತು. ಸೆಪ್ಟೆಂಬರ್‌ನಲ್ಲಿ ‘ಸ್ಲ್ಯಾಪರ್’ ಹುಳು ಬಂದಾಗ, ಅದನ್ನು ಹಾಕಿಕೊಳ್ಳದೆ ಕುಳಿತಿದ್ದ ಅಪಾಚೆ ಸರ್ವರ್‌ಗಳು ಸಾವಿರಾರು ಇದ್ದವು.